ತೆರೆದ ಬಾಯಿಯ ನಿದ್ದೆ

ಕೇಳುಗರಿಗೆ ನಮಸ್ಕಾರ.

ಕೋಲಾರದಲ್ಲಿ ಹಲ್ಲಿನ ವೈದ್ಯೆ ನಾನು. 'ಮೇಡಂ, ಮಗು ಹಲ್ಲು ವಕ್ರ ಇದೆ, ಕ್ಲಿಪ್ ಹಾಕ್ತೀರಾ?' ಅಂತ ಬರುವವರು ಬಹಳ. ನಾನು ಮೊದಲು ಕೇಳುವುದು ಬೇರೆಯೇ. 'ರಾತ್ರಿ ಗೊರಕೆ ಹೊಡೀತಾನಾ?'

ಮುಳಬಾಗಿಲು ಕಡೆಯ ತಾಯಿಯೊಬ್ಬರು ನಕ್ಕುಬಿಟ್ಟರು. 'ಹೊಡೀತಾನೆ, ಥೇಟ್ ಅವರಪ್ಪನ ಥರ.' ಹುಡುಗನಿಗೆ 12 ವರ್ಷ. ತುಟಿ ಒಣಗಿ ಒಡೆದಿತ್ತು. ಬಾಯಿ ಮುಚ್ಚು ಅಂದರೆ ಮುಚ್ಚುತ್ತಿದ್ದ, ಮರುಗಳಿಗೆ ತೆರೆಯುತ್ತಿದ್ದ. ಬಾಯಿಯ ಮೇಲಿನ ಅಂಗುಳ ಇಕ್ಕಟ್ಟಾಗಿ ಕಮಾನಿನ ಹಾಗೆ ಎತ್ತರಕ್ಕೆ ಹೋಗಿತ್ತು. ಕ್ಲಾಸಿನಲ್ಲಿ ತೂಕಡಿಸುತ್ತಾನೆ ಅಂತ ಮೇಷ್ಟ್ರ ದೂರು ಬೇರೆ.

ಮಕ್ಕಳ ಗೊರಕೆ ನಗುವ ವಿಷಯ ಅಲ್ಲ. ನೆಗಡಿ ಬಂದಾಗ ನಾಲ್ಕು ದಿನ ಇದ್ದರೆ ಸರಿ. ದಿನವೂ ಇದ್ದರೆ, ನಡುವೆ ಉಸಿರು ನಿಂತು ಮತ್ತೆ ಎಳೆದುಕೊಂಡ ಹಾಗಾದರೆ, ಅದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಆಗಾಗ ತಡೆಯುವ ಕಾಯಿಲೆ ಇರಬಹುದು. ಮಕ್ಕಳಲ್ಲಿ ಇದಕ್ಕೆ ಹೆಚ್ಚಾಗಿ ಕಾರಣ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ಅನ್ನುವ ಮೆತ್ತನೆ ಮಾಂಸದ ಗಂಟು ದಪ್ಪಗಾಗುವುದು. ದವಡೆ ಚಿಕ್ಕದಿದ್ದರೂ ಉಸಿರಿನ ದಾರಿ ಕಿರಿದಾಗುತ್ತದೆ. ಕೆಲವು ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ. ಕೆಲವರು ಹಗಲಲ್ಲಿ ಮಂಕಾಗುವ ಬದಲು ಚಡಪಡಿಸುತ್ತಾರೆ.

ಬಾಯಿಂದ ಉಸಿರಾಡಿದರೆ ಬಾಯಿ ಒಣಗುತ್ತದೆ, ಅಲ್ವಾ? ನಿದ್ದೆಯಲ್ಲಿ ಎಂಜಲು ಮೊದಲೇ ಕಡಿಮೆ. ನಮ್ಮ ಬಾಯಲ್ಲಿ 700ಕ್ಕೂ ಹೆಚ್ಚು ಬಗೆಯ ಬ್ಯಾಕ್ಟೀರಿಯಾ ಸಿಕ್ಕಿವೆ. ಬಹುಪಾಲು ನಿರುಪದ್ರವಿ. ಅವುಗಳನ್ನು ಹದದಲ್ಲಿಡುವುದು, ಅವು ಬಿಡುವ ಆಮ್ಲವನ್ನು ತೊಳೆಯುವುದು ಎಂಜಲೇ. ಅದು ಕಡಿಮೆಯಾದರೆ ಹುಳುಕು ತರುವ ಬಗೆಗಳು ಮೇಲುಗೈ ಪಡೆಯುತ್ತವೆ. ಅದರ ಜೊತೆ ಕ್ಲಿಪ್ ಬೇರೆ ಇದ್ದರೆ? ತಂತಿ ಸಂದಿಯಲ್ಲಿ ಅನ್ನದ ಅಗುಳು, ಬಿಸ್ಕತ್ತಿನ ಪುಡಿ ಕೂತುಬಿಡುತ್ತದೆ.

ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಹಾಗಾಗಿ ಹಲ್ಲಿನ ಮೇಲೆ ಕಲೆ ಕಂಡರೆ 'ನೀರಿಂದು ಬಿಡಿ' ಅಂತ ಸುಮ್ಮನಾಗುತ್ತಾರೆ. ಆದರೆ ಕ್ಲಿಪ್ ಅಂಟಿಸಿದ ಜಾಗದ ಸುತ್ತ ಹೊಸದಾಗಿ ಸುಣ್ಣದಂಥ ಬಿಳಿ ಮಚ್ಚೆ ಬಂದರೆ ಅದು ನೀರಿನದಲ್ಲ, ಹುಳುಕಿನ ಮೊದಲ ಗುರುತು. ಸರಿಯಾಗಿ ಉಜ್ಜದಿದ್ದರೆ ನಾಲ್ಕೇ ವಾರದಲ್ಲಿ ಬರಬಹುದು. ರಾತ್ರಿ ಮಲಗುವ ಮುಂಚೆ ಉಜ್ಜುವುದನ್ನು ಮಾತ್ರ ದಯವಿಟ್ಟು ತಪ್ಪಿಸಬೇಡಿ.

ನಿದ್ದೆಯಲ್ಲಿ ಉಸಿರಿನ ತೊಂದರೆ ಇರುವ ಮಕ್ಕಳ ಬಾಯಲ್ಲಿ ಬ್ಯಾಕ್ಟೀರಿಯಾಗಳ ಗುಂಪೇ ಬೇರೆಯಾಗಿರುತ್ತದೆ ಎಂದು ಕೆಲವು ಅಧ್ಯಯನಗಳು ಹೇಳಿವೆ. ಹಾಗಂತ ಬ್ಯಾಕ್ಟೀರಿಯಾದಿಂದಲೇ ಉಸಿರು ನಿಲ್ಲುತ್ತದೆ ಅಂತ ಅರ್ಥ ಅಲ್ಲ. ಬರೀ ಮೌತ್‌ವಾಶ್ ಮುಕ್ಕಳಿಸಿದರೆ ಗೊರಕೆ ಹೋಗುವುದಿಲ್ಲ.

ಆ ಹುಡುಗನಿಗೆ ನಾನು ತಕ್ಷಣ ಕ್ಲಿಪ್ ಹಾಕಲಿಲ್ಲ. ಮೊದಲು ಇಎನ್‌ಟಿ ಡಾಕ್ಟರ ಹತ್ತಿರ ಕಳಿಸಿದೆ. ಅಡಿನಾಯ್ಡ್ ದಪ್ಪಗಿತ್ತು. ಅದರ ಚಿಕಿತ್ಸೆ ಮುಗಿದ ಮೇಲೆ ಅಂಗುಳ ಅಗಲಿಸುವ ಸಾಧನ ಹಾಕಿದೆವು. ಕ್ಲಿಪ್‌ನ ಸರದಿ ಬಂದದ್ದು ಆಮೇಲೆ. ಅನುಮಾನ ಉಳಿದರೆ ರಾತ್ರಿಯಿಡೀ ಮಲಗಿಸಿ ಮಾಡುವ ಸ್ಲೀಪ್ ಸ್ಟಡಿ ಇದೆ.

ಇವತ್ತು ರಾತ್ರಿ ಮಗು ಮಲಗಿ ಒಂದೆರಡು ಗಂಟೆ ಆದಮೇಲೆ ಹತ್ತು ನಿಮಿಷ ಪಕ್ಕದಲ್ಲಿ ಕೂತು ಕೇಳಿ. ಗೊರಕೆ ಇದ್ದರೆ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಹೊದಿಕೆ ಸ್ವಲ್ಪ ಸರಿಸಿ, ಬಾಯಿ ಮತ್ತು ಎದೆ ಎರಡೂ ಕಾಣಬೇಕು. ಆಸ್ಪತ್ರೆಗೆ ಬರುವಾಗ ಆ ಫೋನ್ ತನ್ನಿ.