ಡಿಸೆಂಬರ್ ರಜೆ, ಒಂದು ಬುಟ್ಟಿ ಅವರೆಕಾಯಿ

ಕೇಳುಗರಿಗೆಲ್ಲ ನಮಸ್ಕಾರ.

ಮೊದಲಿಗೆ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ನಾನು ಬೆಂಗಳೂರಿನಲ್ಲಿ ಮೂರನೇ, ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಬಹಳ ವರ್ಷ ಪಾಠ ಮಾಡಿದವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಡಿಸೆಂಬರ್ ರಜೆಗೆ ಮಕ್ಕಳಿಗೆ ಇಪ್ಪತ್ತು ಪುಟ ಹೋಂವರ್ಕ್ ಕೊಟ್ಟೆ. ಕಾಪಿ ರೈಟಿಂಗ್, ಮಗ್ಗಿ, ಕೂಡುವ ಕಳೆಯುವ ಲೆಕ್ಕ. ಜನವರಿಯಲ್ಲಿ ನೋಡಿದರೆ ಅರ್ಧಕ್ಕರ್ಧ ಪುಸ್ತಕಗಳಲ್ಲಿ ಅಕ್ಷರ ಬಲು ಮುದ್ದಾಗಿತ್ತು. ಎಲ್ಲ ಅಮ್ಮಂದಿರ ಅಕ್ಷರ! ಒಬ್ಬ ಹುಡುಗನ ಪುಸ್ತಕದಲ್ಲಿ ಹದಿಮೂರರ ಮಗ್ಗಿಯ ಪಕ್ಕ ಆ ತಿಂಗಳ ಹಾಲಿನ ಲೆಕ್ಕವೂ ಇತ್ತು. ಆಗ ನನಗೆ ಸಿಟ್ಟು ಬಂತು. ಆ ಹಾಲಿನ ಲೆಕ್ಕವನ್ನು ಹುಡುಗನೇ ಮಾಡಿದ್ದರೆ ನನ್ನ ಇಪ್ಪತ್ತು ಪುಟಕ್ಕಿಂತ ಜಾಸ್ತಿ ಕಲಿತಿರುತ್ತಿದ್ದ ಅಂತ ಹೊಳೆಯುವುದಕ್ಕೆ ಇನ್ನೂ ಕೆಲವು ವರ್ಷ ಬೇಕಾಯಿತು.

ಇವತ್ತು ನಾನು ಹೇಳಬೇಕು ಅಂತಿರುವುದೂ ಅದನ್ನೇ. ರಜೆಯಲ್ಲಿ ಮಗುವನ್ನು ರಂಜಿಸುವ ಕೆಲಸ ನಿಮ್ಮದಲ್ಲ. ಮನೆಯ ಕೆಲಸದಲ್ಲಿ ಅದಕ್ಕೊಂದು ಪಾಲು ಕೊಡಿ, ಸಾಕು.

ನಮ್ಮ ರಾಜ್ಯ ಸಿಲಬಸ್‌ನ ಶಾಲೆಗಳಿಗೆ ನಡುವರ್ಷದ ದೊಡ್ಡ ರಜೆ ಅಂದರೆ ದಸರಾದ್ದು. ಡಿಸೆಂಬರ್ ಕೊನೆಯಲ್ಲಿ ವಾರ, ಹತ್ತು ದಿನ ಮುಚ್ಚುವುದು ಹೆಚ್ಚಾಗಿ ಸೆಂಟ್ರಲ್ ಸಿಲಬಸ್ ಶಾಲೆಗಳು, ಮಿಷನ್ ಶಾಲೆಗಳು. ಹತ್ತು ದಿನ ಅಂದರೆ ಊರಿಗೆ ಹೋಗಿ ಬರುವುದಕ್ಕೂ ಸಾಲದು, ಮನೆಯಲ್ಲಿ ಸುಮ್ನೆ ಕೂರುವುದಕ್ಕೂ ಜಾಸ್ತಿ. ಅಪ್ಪ ಅಮ್ಮನಿಗೆ ಆಫೀಸಿಗೆ ರಜೆ ಇರುವುದಿಲ್ಲ. ಮಗು, ಅಜ್ಜಿ, ಮೊಬೈಲು, ಈ ಮೂವರೇ ಮನೆಯಲ್ಲಿ. ನಾನೂ ಈಗ ಅಂಥ ಒಬ್ಬ ಅಜ್ಜಿ. ಮೊಮ್ಮಗ ನಾಲ್ಕನೇ ಕ್ಲಾಸು.

ಈ ದಿನಗಳಲ್ಲಿ ಬೆಂಗಳೂರಿನ ತರಕಾರಿ ಗಾಡಿ ಬಂದರೆ ಮೊದಲು ಮೂಗಿಗೆ ಗೊತ್ತಾಗುತ್ತದೆ. ಅವರೆಕಾಯಿಯ ಸೊಗಡು! ಎರಡು ಕೆ.ಜಿ. ಕೊಳ್ಳುವಾಗ ಮಗುವನ್ನು ಜೊತೆಗೆ ನಿಲ್ಲಿಸಿಕೊಳ್ಳಿ. ದುಡ್ಡು ಅದರ ಕೈಯಲ್ಲೇ ಕೊಡಿ. ಕೆ.ಜಿ.ಗೆ ಎಷ್ಟು, ಎರಡು ಕೆ.ಜಿ.ಗೆ ಎಷ್ಟು, ಐನೂರು ಕೊಟ್ಟರೆ ಚಿಲ್ಲರೆ ಎಷ್ಟು ಬರಬೇಕು. ಗಾಡಿಯವರು ಸ್ವಲ್ಪ ಕಾಯುತ್ತಾರೆ, ಪರವಾಗಿಲ್ಲ. ಮನೆಗೆ ಬಂದ ಮೇಲೆ ಪೇಪರ್ ಹಾಸಿ ಎಲ್ಲರೂ ಸುತ್ತ ಕೂತು ಸುಲಿಯಿರಿ. ಸುಲಿಯುವ ಮುಂಚೆ ಒಂದು ಪ್ರಶ್ನೆ ಕೇಳಿ: ಎರಡು ಕೆ.ಜಿ. ಕಾಯಿಯಲ್ಲಿ ಕಾಳು ಎಷ್ಟು ಬರಬಹುದು? ಒಬ್ಬೊಬ್ಬರು ಒಂದೊಂದು ಅಂದಾಜು ಹೇಳಲಿ, ಮಗು ಅದನ್ನು ಬರೆದಿಡಲಿ. ಸುಲಿದಾದ ಮೇಲೆ ತೂಕ ಹಾಕಿ. ಉತ್ತರ ನಾನು ಹೇಳುವುದಿಲ್ಲ. ಕಾಯಿ ಎಳೆಯದೋ ಬಲಿತದ್ದೋ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ನಮ್ಮ ಮೊಮ್ಮಗ ಮೊದಲ ದಿನ ಒಂದೂವರೆ ಕೆ.ಜಿ. ಅಂದಿದ್ದ. ತಕ್ಕಡಿ ನೋಡಿ ಗಾಡಿಯವನು ಮೋಸ ಮಾಡಿದ ಅಂತ ಜಗಳಕ್ಕೇ ಹೊರಟ. ಸಿಪ್ಪೆಯನ್ನೂ ತೂಗಿಸಿದ ಮೇಲೆ ಸಮಾಧಾನವಾಯಿತು. ಎರಡನ್ನೂ ಕೂಡಿದರೆ ಎರಡು ಕೆ.ಜಿ. ಆಗಬೇಕಲ್ವಾ, ಆಯಿತು. ಅವತ್ತು ಅವನಿಗೆ ಗೊತ್ತಾಗಿದ್ದನ್ನು ನಾನು ಬೋರ್ಡಿನ ಮೇಲೆ ಬರೆದು ಕಲಿಸಲು ವಾರ ಬೇಕಾಗುತ್ತಿತ್ತು.

ಸುಲಿಯುವಾಗ ಹುಳ ಸಿಗುತ್ತದೆ. ಮಗು ಕಿರುಚುತ್ತದೆ. ಎಸೆಯುವ ಮುಂಚೆ ಒಂದು ನಿಮಿಷ ತೋರಿಸಿ. ಹಸಿರು ಹುಳ, ಕಾಯಿಗೊಂದು ತೂತು. ಹುಳ ಒಳಗೆ ಹೇಗೆ ಹೋಯಿತು, ಮುಂದೆ ಏನಾಗುತ್ತದೆ? ಚಿಟ್ಟೆಯ ಥರದ ಪತಂಗ ಆಗುತ್ತದೆ ಅಂದರೆ ಕಿರುಚಾಟ ನಿಲ್ಲುತ್ತದೆ.

ಇನ್ನು ಹಿತಕುವ ಕೆಲಸ. ಕಾಳನ್ನು ನೀರಿನಲ್ಲಿ ನೆನೆಸಿ ಬೆರಳಲ್ಲಿ ಹಿತಕಿದರೆ ಬೇಳೆ ಚಿಮ್ಮಿ ಹೊರಗೆ ಬರುತ್ತದೆ. ಇದಕ್ಕಿಂತ ಒಳ್ಳೆಯ ಆಟದ ಸಾಮಾನು ನಾನು ನೋಡಿಲ್ಲ. ಕೆಲವು ಗೋಡೆಗೆ ಹಾರುತ್ತವೆ, ಬೈಯಬೇಡಿ. ಸಣ್ಣ ಬೆರಳುಗಳಿಗೆ ಇದು ಒಳ್ಳೆಯ ಕಸರತ್ತು. ಪೆನ್ಸಿಲ್ ಹಿಡಿಯುವ ಬೆರಳುಗಳೂ ಅವೇ ತಾನೇ. ತಾನೇ ಹಿತಕಿದ ಬೇಳೆಯ ಸಾರನ್ನು ಮಗು ಮುದ್ದೆಯ ಜೊತೆ ಬೇಡ ಅನ್ನದೆ ತಿನ್ನುತ್ತದೆ. ಕಾಳು, ಬೇಳೆ ತಿನ್ನಲ್ಲ ಅಂತ ದೂರುವ ತಾಯಂದಿರು ಇದನ್ನೊಮ್ಮೆ ಮಾಡಿ ನೋಡಿ.

ಅವರೆಕಾಯಿ ಈಗಲೇ ಯಾಕೆ ಬರುತ್ತದೆ? ಹಳೆಯ ನಾಟಿ ಅವರೆ ಗಿಡಕ್ಕೆ ಹಗಲು ಗಿಡ್ಡವಾಗುವುದು ಬೇಕು. ಹಗಲು ಉದ್ದ ಇರುವಷ್ಟು ಕಾಲ ಬರೀ ಎಲೆ, ಬಳ್ಳಿ. ಹಗಲು ಕಡಿಮೆಯಾದ ಮೇಲೆ ಹೂವು, ಕಾಯಿ. ಈ ಕಟ್ಟುಪಾಡಿಲ್ಲದೆ ಯಾವ ಕಾಲದಲ್ಲಾದರೂ ಕಾಯಿ ಬಿಡುವ ಹೆಬ್ಬಾಳ ಅವರೆಯ ತಳಿಗಳನ್ನು ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವೇ ತಯಾರಿಸಿತು. ಆದರೂ ಸೊಗಡು ಬೇಕು ಅನ್ನುವವರು ಚಳಿಗಾಲದ ಕಾಯಿಗೇ ಕಾಯುತ್ತಾರೆ. ನಾನೂ ಆ ಪಂಗಡದವಳೇ.

ಗಿಡಕ್ಕೆ ಗೊತ್ತಾಗುವ ಈ ಹಗಲು ರಾತ್ರಿಯ ಲೆಕ್ಕ ಮಕ್ಕಳಿಗೂ ಗೊತ್ತಾಗುವಂತೆ ಮಾಡಬಹುದು. ತಾರಸಿ ಇದ್ದರೆ ತಾರಸಿ, ಇಲ್ಲದಿದ್ದರೆ ಅಪಾರ್ಟ್‌ಮೆಂಟಿನ ಬಿಸಿಲು ಬೀಳುವ ಮೂಲೆ. ಬೇಕಾಗಿರುವುದು ನೇರವಾದ ಒಂದು ಕೋಲು, ಒಂದು ಸೀಮೆಸುಣ್ಣ, ಒಂದು ಟೇಪು. ಒಂದು ಮೀಟರ್ ಉದ್ದದ ಕೋಲಾದರೆ ಲೆಕ್ಕ ಸುಲಭ. ಅದನ್ನು ಮಣ್ಣು ತುಂಬಿದ ಬಕೆಟ್ಟಿನ ಪಕ್ಕ ನೆಟ್ಟಗೆ ನಿಲ್ಲಿಸಿ ಕಟ್ಟಿ. ಬುಡ ನೆಲಕ್ಕೆ ತಾಗಿರಬೇಕು. ಮಧ್ಯಾಹ್ನ ಹನ್ನೆರಡರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕುತ್ತಾ ಹೋಗಲಿ. ನೆರಳು ಎಲ್ಲಕ್ಕಿಂತ ಗಿಡ್ಡವಾಗುವುದು ಹನ್ನೆರಡಕ್ಕಲ್ಲ. ಈ ದಿನಗಳಲ್ಲಿ ಸುಮಾರು 12 ಗಂಟೆ 20 ನಿಮಿಷಕ್ಕೆ. ಯಾಕೆ ಅಂತ ಮಗು ಕೇಳಿಯೇ ಕೇಳುತ್ತದೆ. ದೇಶಕ್ಕೆಲ್ಲ ಒಂದೇ ಗಡಿಯಾರ, ಅದು 82.5 ಡಿಗ್ರಿ ರೇಖಾಂಶದ್ದು, ಆ ರೇಖೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ನಾವು ಅದಕ್ಕಿಂತ ಪಶ್ಚಿಮಕ್ಕೆ, 77.6ರಲ್ಲಿ ಇದ್ದೇವೆ. ಸೂರ್ಯ ಒಂದು ಡಿಗ್ರಿ ದಾಟಲು ನಾಲ್ಕು ನಿಮಿಷ. ಹೆಚ್ಚು ಕಡಿಮೆ ಐದು ಡಿಗ್ರಿಗೆ ಇಪ್ಪತ್ತು ನಿಮಿಷ. ನಾಲ್ಕರ ಮಗ್ಗಿ ಬಂದರೆ ಸಾಕು!

ಡಿಸೆಂಬರ್ 22ರ ಆಸುಪಾಸಿನಲ್ಲಿ ಮೀಟರ್ ಕೋಲಿನ ನಡುಹಗಲಿನ ನೆರಳು ಸುಮಾರು 74 ಸೆಂಟಿಮೀಟರ್ ಬರುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಮಧ್ಯಾಹ್ನದ ನೆರಳು ಅದೇ. ಆಮೇಲೆ ಕಡಿಮೆಯಾಗಲು ಶುರು. ಮೊದಲ ಹತ್ತು ದಿನ ಕಡಿಮೆಯಾಗುವುದು ಒಂದು ಸೆಂಟಿಮೀಟರ್ ಅಷ್ಟೇ. ಬೇಜಾರು ಪಟ್ಟುಕೊಂಡು ಬಿಡಬಾರದು.

ಈ ಆಟದಲ್ಲಿ ಇನ್ನೊಂದು ಲಾಭವಿದೆ, ಮಕ್ಕಳಿಗೆ ಹೇಳಬೇಡಿ. ದಿನವೂ ಅವರು ಬಿಸಿಲಿಗೆ ಬರುತ್ತಾರೆ. ಹೊರಗಿನ ಬೆಳಕಿನಲ್ಲಿ ಜಾಸ್ತಿ ಹೊತ್ತು ಇರುವ ಮಕ್ಕಳಿಗೆ ದೂರದ್ದು ಮಸುಕಾಗಿ ಕಾಣುವ ತೊಂದರೆ, ಅಂದರೆ ಮೈನಸ್ ಪವರ್ ಕನ್ನಡಕ, ಬರುವ ಸಂಭವ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಶಾಲೆಯ ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಳಲುವಂಥ ಓಡಾಟ ಬೇಕು ಅನ್ನುತ್ತದೆ. ನೆರಳು ಅಳೆದು ಕೆಳಗೆ ಇಳಿಯುವಾಗ ಪಕ್ಕದ ಮನೆಯ ಮಕ್ಕಳು ಸಿಕ್ಕರೆ ಲಗೋರಿಗೆ ನಾಲ್ಕು ಕಲ್ಲು ಹುಡುಕುತ್ತಾರೆ. ಆ 60 ನಿಮಿಷದ ಚಿಂತೆ ನಿಮಗಿಲ್ಲ.

ಈಗ ನೆಗಡಿಯ ಮಾತು. ಬೆಂಗಳೂರಿನವರಿಗೆ ಚಳಿ ಅಂದರೆ ಸ್ವಲ್ಪ ಜಾಸ್ತಿಯೇ ಭಯ. ನಮ್ಮೂರಿನ ದಾಖಲೆಯ ಚಳಿ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಈಗ ಹದಿನೈದು ಡಿಗ್ರಿಗೆ ಇಳಿದರೆ ಮಂಕಿ ಕ್ಯಾಪ್, ಮಫ್ಲರ್, ಎರಡು ಸ್ವೆಟರ್ ಎಲ್ಲ ಹೊರಗೆ ಬರುತ್ತವೆ. ಹತ್ತು ಗಂಟೆಗೆ ಬಿಸಿಲು ಏರಿದ ಮೇಲೂ ಮಗು ಅದರೊಳಗೇ ಬೆವರುತ್ತಿರುತ್ತದೆ. ನೆಗಡಿ ಬರುವುದು ವೈರಸ್ಸಿನಿಂದ. ಚಳಿಯಲ್ಲಿ ಕಿಟಕಿ ಬಾಗಿಲು ಮುಚ್ಚಿಕೊಂಡು ಎಲ್ಲರೂ ಒಂದೇ ಕೋಣೆಯಲ್ಲಿ ಕೂರುತ್ತೇವಲ್ಲ, ಅಲ್ಲಿ ಸುಲಭವಾಗಿ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಕಿಟಕಿ ತೆರೆಯಿರಿ. ಹೊರಗಿನಿಂದ ಬಂದ ಕೂಡಲೇ ಸೋಪು ಹಾಕಿ ಕೈ ತೊಳೆಸಿ. ಚಳಿಯಲ್ಲಿ ಮಕ್ಕಳಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ, ನೀರನ್ನು ನೀವೇ ನೆನಪಿಸಬೇಕು. ಹೋದ ಸಲದ ಕೆಮ್ಮಿನ ಸಿರಪ್ ಅಲಮಾರಿಯಲ್ಲಿ ಉಳಿದಿದ್ದರೆ ಅದನ್ನು ಕೊಡಬೇಡಿ. ಉಸಿರು ಜೋರಾಗಿದ್ದರೆ, ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ, ಮಗು ನೀರೂ ಕುಡಿಯದೆ ಮಂಕಾಗಿದ್ದರೆ ಕಷಾಯ ಕಾಯಿಸುತ್ತಾ ಕೂರಬೇಡಿ, ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇರುವ ಮನೆಯವರು ಕೇಳಿಸಿಕೊಳ್ಳಿ. ಚಳಿ ಅಂತ ಬಚ್ಚಲಿನ ಕಿಟಕಿ ಮುಚ್ಚಿ ಗೀಸರ್ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ಕೂಗುವ ಮುಂಚೆಯೇ ಪ್ರಜ್ಞೆ ತಪ್ಪುತ್ತಾರೆ. ಬಕೆಟ್ಟಿಗೆ ನೀರು ತುಂಬಿ, ಗೀಸರ್ ಆರಿಸಿ, ಗಾಳಿ ಆಡಿದ ಮೇಲೆ ಮಗುವನ್ನು ಒಳಗೆ ಕಳಿಸಿ. ಗೀಸರನ್ನು ಗಾಳಿಯಾಡುವ ಹೊರಗಿನ ಜಾಗಕ್ಕೆ ಹಾಕಿಸುವುದು ಇನ್ನೂ ಒಳ್ಳೆಯದು. ಮುಚ್ಚಿದ ರೂಮಿನಲ್ಲಿ ರಾತ್ರಿಯಿಡೀ ಸೊಳ್ಳೆ ಬತ್ತಿ ಉರಿಸುವುದೂ ಬೇಡ. ಸೊಳ್ಳೆ ಪರದೆ ಕಟ್ಟಿ.

ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಕೊಂಡದ್ದು ಉಳಿದಿದ್ದರೆ ಹುರಿದು ಬೆಲ್ಲದ ಜೊತೆ ಕೊಡಿ, ಬೇಕರಿಯ ಪಫ್‌ಗಿಂತ ಎಷ್ಟೋ ಮೇಲು. ಆದರೆ ಮನೆಯಲ್ಲಿ ಮೂರು ನಾಲ್ಕು ವರ್ಷದ ತಮ್ಮನೋ ತಂಗಿಯೋ ಇದ್ದರೆ ಅವರ ಕೈಗೆ ಇಡೀ ಬೀಜ ಸಿಗಬಾರದು. ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಿ.

ಮೊಬೈಲಿನ ವಿಷಯ ಬಿಟ್ಟರೆ ನೀವು ಬಿಡುವುದಿಲ್ಲ. ನಮ್ಮ ದೇಶದ ಮಕ್ಕಳ ತಜ್ಞರ ಅಕಾಡೆಮಿ 5ರಿಂದ 10 ವರ್ಷದ ಮಕ್ಕಳಿಗೆ ದಿನಕ್ಕೆ 2 ಗಂಟೆಯ ಒಳಗೆ ಅಂತ ಹೇಳಿದೆ. ಟಿವಿಯೂ ಸೇರಿ. ಬರೀ ಕಿತ್ತುಕೊಂಡರೆ ರಂಪ ಆಗುತ್ತದೆ. ಕೈಗೆ ಬೇರೆ ಏನಾದರೂ ಬೇಕು. ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿನ ಮೇಲೆ ಉಜ್ಜಿ ಬಿಳಿ ಮಾಡಿದರೆ ಚೌಕಾಬಾರಕ್ಕೆ ಕವಡೆಯ ಬದಲು ಆಗುತ್ತದೆ. ನಾಲ್ಕು ಬೀಜ ಸಾಕು. ನಾಲ್ಕೂ ಬಿಳಿ ಮೇಲೆ ಬಿದ್ದರೆ ಚೌಕ, ನಾಲ್ಕೂ ಮಗುಚಿ ಬಿದ್ದರೆ ಎಂಟು. ನನ್ನ ಮೊಮ್ಮಗ ಸೋತರೆ ಮನೆ ಅಳಿಸಿಬಿಡುತ್ತಾನೆ. ಸೋಲುವುದನ್ನೂ ಈ ಹತ್ತು ದಿನದಲ್ಲಿ ಕಲಿಯಲಿ ಅಂತ ನಾನು ಬಿಟ್ಟುಕೊಡುವುದಿಲ್ಲ.

ಓದು ಬರಹ? ಸಾಮಾನಿನ ಚೀಟಿ ಮಗುವೇ ಕನ್ನಡದಲ್ಲಿ ಬರೆಯಲಿ. ಉದ್ದಿನಬೇಳೆಗೆ ಒತ್ತು ತಪ್ಪಿದರೂ ಅಂಗಡಿಯವರು ಉದ್ದಿನಬೇಳೆಯನ್ನೇ ಕೊಡುತ್ತಾರೆ. ಒಂದು ದಿನ ಕಬ್ಬನ್ ಪಾರ್ಕಿನ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ. ಮೆಟ್ರೋದಲ್ಲಿ ಹೋದರೆ ಸ್ಟೇಷನ್ ಹೆಸರುಗಳನ್ನು ಅದೇ ಓದಿ ಹೇಳಲಿ. ಇನ್ನೊಂದು ದಿನ ಲಾಲ್‌ಬಾಗಿನ ಬಂಡೆ. ಕೆಂಪೇಗೌಡರ ಗೋಪುರ ಇರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮೂರರ ಮುಂದೆ ಎಷ್ಟು ಸೊನ್ನೆ ಅಂತ ಬಂಡೆಯ ಮೇಲೆ ಕೂತೇ ಎಣಿಸಬಹುದು. ಒಂದೇ ದಿನ ಎರಡೂ ಮುಗಿಸುವ ಆತುರ ಬೇಡ.

ರಾತ್ರಿ ಮಲಗುವ ಹೊತ್ತು ಮಾತ್ರ ರಜೆಯಲ್ಲೂ ಕೆಡದಿರಲಿ. ಆರು ದಾಟಿದ ಮಕ್ಕಳಿಗೆ ಒಂಬತ್ತು ಗಂಟೆಯಾದರೂ ನಿದ್ದೆ ಬೇಕು. ಇನ್ನೊಂದು ವಿಷಯ. ಹಗಲು ಉದ್ದವಾಗಲು ಶುರುವಾದರೂ ಬೆಂಗಳೂರಿನಲ್ಲಿ ಸೂರ್ಯ ಏಳುವುದು ಜನವರಿ ಇಪ್ಪತ್ತು ದಾಟುವವರೆಗೂ ತಡವಾಗುತ್ತಲೇ ಹೋಗುತ್ತದೆ. ಶಾಲೆ ತೆರೆದ ದಿನ ಮಗು ಏಳಲಿಲ್ಲ ಅಂದರೆ ತಪ್ಪೆಲ್ಲ ಅದರದ್ದೇ ಅಲ್ಲ.

ನೆರಳಿನ ಮಾತು ಅರ್ಧಕ್ಕೆ ಬಿಟ್ಟಿದ್ದೆ. ಹೋದ ಸಲ ಮೊಮ್ಮಗ ಶಾಲೆ ತೆರೆದ ಮೇಲೂ ಭಾನುವಾರಗಳಲ್ಲಿ ಅಳೆಯುತ್ತಿದ್ದ. ಸಂಕ್ರಾಂತಿಯ ದಿನ 69 ಸೆಂಟಿಮೀಟರಿಗೂ ಕಡಿಮೆ ಬಂತು. ಐದು ಸೆಂಟಿಮೀಟರ್ ಹೋಗಿತ್ತು. ಸಂಜೆ ಎಳ್ಳು ಬೀರಲು ಹೋಗುವಾಗ, ಗವಿಪುರದ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ಹೇಳುತ್ತಾ, ಇವತ್ತಿನಿಂದ ಉತ್ತರಾಯಣ, ಸೂರ್ಯ ಉತ್ತರಕ್ಕೆ ತಿರುಗುತ್ತಾನೆ ಕಣೋ ಅಂದೆ. ಅವನು ನಿಂತುಬಿಟ್ಟ. "ಅಜ್ಜಿ, ನೆರಳು ಡಿಸೆಂಬರಿನಲ್ಲೇ ತಿರುಗಿತಲ್ಲ. ಮತ್ತೆ ಇವತ್ತು ಹೇಗೆ?"

ಅವನು ಹೇಳಿದ್ದು ಸರಿ. ಸುಮಾರು 1700 ವರ್ಷಗಳ ಹಿಂದೆ ನೆರಳು ತಿರುಗುವ ದಿನ, ಸಂಕ್ರಾಂತಿ ಎರಡೂ ಒಂದೇ ಹೊತ್ತಿಗೆ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನಕ್ಕೆ ತೂಗುವುದರಿಂದ ಎಪ್ಪತ್ತು ಎಪ್ಪತ್ತೊಂದು ವರ್ಷಕ್ಕೆ ಒಂದು ದಿನದಂತೆ ದೂರವಾಗುತ್ತಾ ಬಂದಿವೆ. ಇಷ್ಟನ್ನು ಹೇಳುವುದಕ್ಕೆ ಬುಗುರಿ ತಂದು, ದಾರ ಸುತ್ತಿ, ಎಳ್ಳಿನ ತಟ್ಟೆ ಕಟ್ಟೆಯ ಮೇಲಿಟ್ಟು ಆಡಿಸಬೇಕಾಯಿತು. ಅವತ್ತು ಎರಡು ಮನೆಗೆ ಎಳ್ಳು ಬೀರುವುದು ತಪ್ಪಿಹೋಯಿತು. ಮಾರನೇ ದಿನ ಹೋಗಿ ಕೊಟ್ಟುಬಂದೆವು.

ನಮಸ್ಕಾರ.