ಐದು ಕಿಲೋಮೀಟರಿಗೊಂದು ಸಾಕ್ಷಿ

ಕೇಳುಗರೆಲ್ಲರಿಗೂ ನಮಸ್ಕಾರ.

2007ರ ಬರ್ಲಿನ್ ಮ್ಯಾರಥಾನ್. ಮೆಕ್ಸಿಕೋದ ರಾಜಕಾರಣಿ ರೊಬೆರ್ತೊ ಮದ್ರಾಸೊ ಎರಡೂ ಕೈ ಮೇಲೆತ್ತಿ ಫಿನಿಶ್ ಲೈನ್ ದಾಟಿದರು. ಹಿಂದಿನ ವರ್ಷವಷ್ಟೇ ಅಧ್ಯಕ್ಷ ಚುನಾವಣೆಯಲ್ಲಿ ಸೋತಿದ್ದವರು. ಸಮಯ 2 ಗಂಟೆ 41 ನಿಮಿಷ 12 ಸೆಕೆಂಡ್. ವಯೋಮಾನದ ವಿಭಾಗದಲ್ಲಿ ಮೊದಲ ಸ್ಥಾನ. ಆದರೆ ಅವರ ಜೊತೆಗಿದ್ದ, ದಾರಿಯುದ್ದಕ್ಕೂ ಸಮಯ ದಾಖಲಿಸುವ ಚಿಪ್ ಬೇರೆಯೇ ಕಥೆ ಹೇಳಿತು. ದಾರಿಯ ಎರಡು ಚೆಕ್‌ಪಾಯಿಂಟ್‌ಗಳಲ್ಲಿ ಅವರ ಹೆಜ್ಜೆಯೇ ಬಿದ್ದಿರಲಿಲ್ಲ. ಆ ನಡುವಿನ 15 ಕಿಲೋಮೀಟರನ್ನು 21 ನಿಮಿಷದಲ್ಲಿ ಮುಗಿಸಿದಂತೆ ಲೆಕ್ಕ ಬಂತು. ಅಂದರೆ ಕಿಲೋಮೀಟರಿಗೆ 1 ನಿಮಿಷ 24 ಸೆಕೆಂಡ್. ಮ್ಯಾರಥಾನ್ ವಿಶ್ವದಾಖಲೆ ಬರೆದವರಿಗೂ ಅಷ್ಟೇ ದೂರಕ್ಕೆ ಇದರ ಎರಡು ಪಟ್ಟು ಸಮಯ ಬೇಕು! ಬಹುಮಾನ ಹೋಯಿತು, ಹೆಸರೂ ಹೋಯಿತು.

ಓಟದ ಸಮಯ ಅಂದರೆ ಫಿನಿಶ್ ಲೈನಿನ ದೊಡ್ಡ ಗಡಿಯಾರ ತೋರಿಸುವ ಅಂಕಿ ಅಂತಲೇ ನಾವು ತಿಳಿದಿರುತ್ತೇವೆ. ನನ್ನ ಮಟ್ಟಿಗೆ ಆ ಅಂಕಿಗೆ ಬೆಲೆ ಬರುವುದೇ ದಾರಿಯುದ್ದಕ್ಕೂ ಸಿಕ್ಕ ಸಮಯಗಳಿಂದ. 1980ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಚಿಪ್ ಇರಲಿಲ್ಲ. ರೋಸಿ ರೂಯಿಜ್ ಎಂಬಾಕೆ ಕೊನೆಯ ಹಂತದಲ್ಲಿ ಜನರ ಗುಂಪಿನಿಂದ ರಸ್ತೆಗಿಳಿದು ಓಡಿ ಮಹಿಳಾ ಪ್ರಶಸ್ತಿ ಪಡೆದರು. ದಾರಿಯಲ್ಲಿ ಆಕೆಯನ್ನು ಕಂಡವರು ಯಾರಿದ್ದಾರೆ ಅಂತ ಹುಡುಕಿ, ಫೋಟೋಗಳನ್ನು ಜಾಲಾಡಿ, ಕೆನಡಾದ ಜಾಕ್ಲಿನ್ ಗಾರೋ ಅವರೇ ನಿಜವಾದ ವಿಜೇತೆ ಎಂದು ಘೋಷಿಸಲು ಸಂಘಟಕರಿಗೆ ಎಂಟು ದಿನ ಹಿಡಿಯಿತು. ಅಷ್ಟರಲ್ಲಿ ಗಾರೋ ಅವರಿಗೆ ಸಿಗಬೇಕಾದ ಆ ಕ್ಷಣ ಸಿಗದೇ ಹೋಯಿತು. ಅದನ್ನು ಮಾತ್ರ ಯಾವ ತನಿಖೆಯೂ ವಾಪಸ್ ಕೊಡಲಾರದು.

ಆಗಿನ ಪದ್ಧತಿ ಹೇಗಿತ್ತು ಕೇಳಿ. ಫಿನಿಶ್ ಲೈನಿನ ಆಚೆ ಹಗ್ಗ ಕಟ್ಟಿ ಒಬ್ಬರೇ ಹೋಗುವಷ್ಟು ಕಿರಿದಾದ ದಾರಿ. ಒಬ್ಬ ಸ್ವಯಂಸೇವಕ ಪ್ರತಿಯೊಬ್ಬರು ಗೆರೆ ದಾಟಿದಾಗಲೂ ಗುಂಡಿ ಒತ್ತುತ್ತಿದ್ದ. ಮುಂದೆ ನಿಂತ ಇನ್ನೊಬ್ಬ ಸ್ವಯಂಸೇವಕ, ಓಟಗಾರರ ಬಿಬ್ಬಿನ, ಅಂದರೆ ಎದೆಗೆ ಚುಚ್ಚಿಕೊಂಡ ನಂಬರ್ ಚೀಟಿಯ, ಕೆಳತುದಿ ಹರಿದು ಬಂದ ಕ್ರಮದಲ್ಲೇ ತಂತಿಗೆ ಪೋಣಿಸುತ್ತಿದ್ದ. ಆಮೇಲೆ ಎರಡೂ ಪಟ್ಟಿಗಳನ್ನು ಜೋಡಿಸಬೇಕು. ಗುಂಡಿ ಒತ್ತುವವನು ಒಂದೇ ಒಂದು ಸಲ ಕೈತಪ್ಪಿದರೆ ಅಲ್ಲಿಂದ ಮುಂದಿನವರೆಲ್ಲರ ಸಮಯವೂ ಒಂದೊಂದು ಸ್ಥಾನ ಜರುಗಿಬಿಡುತ್ತಿತ್ತು. ಹಾಗಾಗಿ ಮತ್ತೊಬ್ಬರು ಪಕ್ಕದಲ್ಲಿ ನಿಂತು, ಆಗೊಮ್ಮೆ ಈಗೊಮ್ಮೆ ಒಬ್ಬರ ಬಿಬ್ ನಂಬರ್ ಮತ್ತು ಸಮಯವನ್ನು ಒಟ್ಟಿಗೇ ಬರೆದಿಡುತ್ತಿದ್ದರು. ತಪ್ಪು ಎಲ್ಲಿ ನುಸುಳಿತು ಅಂತ ಹಿಡಿಯುವುದಕ್ಕೆ ಅದೇ ಆಧಾರ.

1990ರ ದಶಕದ ನಡುವಿನಲ್ಲಿ ಚಿಪ್ ಬಂತು. 1996ರಲ್ಲಿ ಬಾಸ್ಟನ್ ತನ್ನ ನೂರನೆಯ ಓಟಕ್ಕೆ ಅದನ್ನು ಬಳಸಿತು. ಈಗ ಹೆಚ್ಚಿನ ಕಡೆ ಬಿಬ್ಬಿನ ಹಿಂದೆ ಅಂಟಿಸಿದ ತೆಳು ಪಟ್ಟಿಯಷ್ಟೇ. ಅದರೊಳಗೆ ಬ್ಯಾಟರಿ ಇಲ್ಲ. ರಸ್ತೆಗೆ ಹಾಸಿದ ಮ್ಯಾಟಿನ ಆಂಟೆನಾ ಹೊಮ್ಮಿಸುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ಚಿಪ್ ತನ್ನ ನಂಬರ್ ಹೇಳುತ್ತದೆ. ನನ್ನ ಈ ಮಾತು ನಿಮಗೆ ತಲುಪುತ್ತಿರುವುದೂ ಅಂಥದೇ ಅಲೆಯ ಮೇಲೆ, ಇರಲಿ. ಮ್ಯಾಟ್ ದಾಟುವಷ್ಟರಲ್ಲಿ ಒಂದೇ ಚಿಪ್ ಹಲವು ಸಲ ನಂಬರ್ ಹೇಳಿರುತ್ತದೆ. ಅದರಲ್ಲಿ ಯಾವುದನ್ನು ಹಿಡಿಯುವುದು? ಸ್ಟಾರ್ಟ್‌ನಲ್ಲಿ ಕೊನೆಯದನ್ನು, ಫಿನಿಶ್‌ನಲ್ಲಿ ಮೊದಲನೆಯದನ್ನು ಹಿಡಿಯುವುದು ವಾಡಿಕೆ. ಏಕೆಂದರೆ ಸ್ಟಾರ್ಟ್‌ನಲ್ಲಿ ಜನ ಮ್ಯಾಟಿನ ಹತ್ತಿರವೇ ಸೆಲ್ಫಿ ತೆಗೆದುಕೊಳ್ಳುತ್ತಾ ನಿಂತಿರುತ್ತಾರೆ. ಫಿನಿಶ್‌ನಲ್ಲಿ ಪದಕಕ್ಕಾಗಿ ಅಲ್ಲೇ ಸುಳಿದಾಡುತ್ತಾರೆ.

ದಾರಿಯ ನಡುವಿನ ಮ್ಯಾಟ್‌ಗಳಲ್ಲಿ ಸಮಯ ದಾಖಲಿಸುವ ಪೆಟ್ಟಿಗೆಗಳದ್ದು ಇನ್ನೊಂದು ತಾಪತ್ರಯ. ಪ್ರತಿ ಪೆಟ್ಟಿಗೆಗೂ ಅದರದೇ ಗಡಿಯಾರ. ಎಲ್ಲವನ್ನೂ ಜಿಪಿಎಸ್ ಸಮಯಕ್ಕೆ ಹೊಂದಿಸಿರುತ್ತಾರೆ, ನಿಜ. ಆದರೆ 10 ಕಿಲೋಮೀಟರಿನದು 20 ಸೆಕೆಂಡ್ ಮುಂದಿದೆ ಅನ್ನಿ. 5ರಿಂದ 10ರವರೆಗೆ ಎಲ್ಲರೂ 20 ಸೆಕೆಂಡ್ ನಿಧಾನ, 10ರಿಂದ 15ರವರೆಗೆ ಎಲ್ಲರೂ 20 ಸೆಕೆಂಡ್ ಚುರುಕು! ಒಬ್ಬರದ್ದಾದರೆ ಶೂ ಲೇಸ್ ಬಿಚ್ಚಿತ್ತೇನೋ ಅನ್ನಬಹುದು. ಸಾವಿರಾರು ಜನರದ್ದು ಒಟ್ಟಿಗೇ ಹಾಗಾದರೆ ಅದು ಗಡಿಯಾರದ್ದೇ ತಪ್ಪು. 10 ಕಿಲೋಮೀಟರಿನಲ್ಲಿ ಸಿಕ್ಕ ಎಲ್ಲರ ಅಂಕಿಯಿಂದಲೂ 20 ಕಳೆದರೆ ಸರಿಹೋಗುತ್ತದೆ.

ಇನ್ನು ಪ್ರತಿ ಓಟದ ಮರುದಿನ ಕೇಳಿಬರುವ ಜಗಳ: ಗನ್ ಟೈಮ್, ನೆಟ್ ಟೈಮ್. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವಿಶ್ವ 10ಕೆಯಂಥ ದೊಡ್ಡ ಓಟದಲ್ಲಿ ಹಿಂದೆ ನಿಂತವರು ಸ್ಟಾರ್ಟ್ ಗೆರೆ ತಲುಪುವುದಕ್ಕೇ ಕೆಲವು ನಿಮಿಷ ಬೇಕಾಗಬಹುದು. ಗನ್ ಸದ್ದಿನಿಂದ ಹಿಡಿದರೆ ಗನ್ ಟೈಮ್, ಗೆರೆಯಿಂದ ಗೆರೆಗೆ ಹಿಡಿದರೆ ನೆಟ್ ಟೈಮ್. ಆದರೆ ವಿಶ್ವ ಅಥ್ಲೆಟಿಕ್ಸ್ ನಿಯಮದಲ್ಲಿ ಅಧಿಕೃತ ಸಮಯ ಗನ್ ಸದ್ದಿನಿಂದಲೇ ಶುರು. ನನಗೆ ಅದು ಸರಿ ಅನಿಸುತ್ತದೆ. ಪಕ್ಕದಲ್ಲಿ ಓಡುವವನನ್ನು ಹಿಂದಿಕ್ಕಿ ಗೆರೆ ದಾಟಿದವರು, ಕಂಪ್ಯೂಟರ್ ನೋಡಿದಾಗ ಸೋತಿದ್ದಾರೆ ಅಂದರೆ ಅದು ಪಂದ್ಯವೇ ಅಲ್ಲ.

ಮೊದಲ ಸ್ಥಾನ ನಿರ್ಧರಿಸಲು ಚಿಪ್ ಸಾಲದ ಸಂದರ್ಭಗಳೂ ಉಂಟು. 2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೋ ವಿಶ್ವ ಚಾಂಪಿಯನ್‌ಶಿಪ್‌ನ ಪುರುಷರ ಮ್ಯಾರಥಾನ್‌ನಲ್ಲಿ ತಾಂಜಾನಿಯಾದ ಅಲ್ಫೋನ್ಸ್ ಸಿಂಬು, ಜರ್ಮನಿಯ ಅಮಾನಲ್ ಪೆಟ್ರೋಸ್ ಇಬ್ಬರಿಗೂ 2:09:48. ಅಂತರ ಸೆಕೆಂಡಿನ ನೂರರಲ್ಲಿ ಮೂರು ಭಾಗ! ಗೆರೆ ದಾಟಬೇಕಾದದ್ದು ಮುಂಡ. ಬಿಬ್ಬೋ ಬೂಟೋ ಅಲ್ಲ. ಹಾಗಾಗಿ ಫೋಟೋ ಫಿನಿಶ್ ಕ್ಯಾಮೆರಾ ಸಿಂಬು ಅವರಿಗೆ ಚಿನ್ನ ಕೊಟ್ಟಿತು.

ಓಡುವವರಿಗೆ ಒಂದೆರಡು ಮಾತು. ಬಿಬ್ಬನ್ನು ಮಡಚಬೇಡಿ. ಅದನ್ನು ಎದೆಯ ಮೇಲೇ ಚುಚ್ಚಿಕೊಳ್ಳಿ, ಜಾಕೆಟ್ಟಿನ ಒಳಗಲ್ಲ. ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ನಮ್ಮ ಮೈಯೇ ಅರ್ಧಕ್ಕಿಂತ ಹೆಚ್ಚು ನೀರು, ಅದರ ಮೇಲೆ ಸೊಂಟಕ್ಕೆ ಬಾಟಲಿ ಕಟ್ಟಿ ಚಿಪ್ ಮುಚ್ಚಿದರೆ ಅದು ಬಾಯಿಬಿಡುವುದು ಕಷ್ಟ. ಬರಲಾಗದ ಗೆಳೆಯನ ಬಿಬ್ಬನ್ನೂ ಕಟ್ಟಿಕೊಂಡು ಓಡಬೇಡಿ. ಪ್ರತಿ ಮ್ಯಾಟಿನಲ್ಲೂ ಎರಡು ನಂಬರ್ ಒಂದೇ ಸೆಕೆಂಡಿಗೆ ದಾಖಲಾದರೆ ಟೈಮಿಂಗ್ ತಂಡದವರಿಗೆ ಗೊತ್ತಾಗದೆ ಇರುವುದಿಲ್ಲ. ನಡುವಿನ ಒಂದು ಸಮಯ ಕಾಣೆಯಾಗಿದ್ದರೆ ಗಾಬರಿ ಬೇಡ. ಬಿಬ್ ನಂಬರ್ ಹಾಗೂ ಅಲ್ಲಿ ತೆಗೆದ ಫೋಟೋ ಕೊಟ್ಟು ಅಂದೇ ತಿಳಿಸಿ.

ನಮಸ್ಕಾರ.