ಮುಖ ಕಾಣದ ಗಿರಾಕಿಗೆ ನಾಣ್ಯ ಮಾರುವಾಗ

ಕೇಳುಗರಿಗೆ ನಮಸ್ಕಾರ.

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ತಾಮ್ರದ ಬಿಲ್ಲೆ ಇದೆ. ನೋಡಿದವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸು ಎಂದೇ ಹೇಳುತ್ತಾರೆ. ಒಂದು ಬದಿಗೆ ಸಿಂಹ, ಇನ್ನೊಂದು ಬದಿಗೆ ಕನ್ನಡ, ಇಂಗ್ಲಿಷ್, ಪಾರಸಿ ಅಕ್ಷರಗಳು. ಆದರೆ ಅದು ನಾಣ್ಯವಲ್ಲ. ಯಾರೋ ಅಸಲಿ ನಾಣ್ಯದಿಂದ ಅಚ್ಚು ತೆಗೆದು ಎರಕ ಹೊಯ್ದದ್ದು. ನಾನು ಮಾರಿದ್ದು ಅಸಲಿ, ನನ್ನ ಮನೆಗೆ ಮರಳಿ ಬಂದದ್ದು ಇದು.

ಹೇಗಾಯಿತು ಎಂದು ಹೇಳುತ್ತೇನೆ. ಅಂತರ್ಜಾಲದ ಒಂದು ಮಾರಾಟ ತಾಣದಲ್ಲಿ ಆ ನಾಣ್ಯವನ್ನು ಹಾಕಿದ್ದೆ. ಮರುದಿನವೇ ಒಬ್ಬರು ಕೊಂಡರು. ಅವರ ಖಾತೆ ತೆರೆದು ವಾರವೂ ಆಗಿರಲಿಲ್ಲ. ಹಿಂದೆ ಏನನ್ನೂ ಕೊಂಡ ಗುರುತಿಲ್ಲ, ಅವರ ಬಗ್ಗೆ ಯಾರೂ ಒಂದು ಮಾತು ಬರೆದಿರಲಿಲ್ಲ. ಚೌಕಾಸಿ ಮಾಡಲಿಲ್ಲ. ತೂಕ ಎಷ್ಟು, ಅಂಚು ಸವೆದಿದೆಯೇ ಎಂದು ಕೂಡ ಕೇಳಲಿಲ್ಲ. ನಾಣ್ಯದ ಹುಚ್ಚಿರುವ ಯಾರೂ ಇಷ್ಟು ಸುಮ್ಮನಿರುವುದಿಲ್ಲ. ಅಂದೇ ನನಗೆ ಅನುಮಾನ ಬರಬೇಕಿತ್ತು. ಪಾರ್ಸೆಲ್ ತಲುಪಿದ ಮೂರನೆಯ ದಿನ ‘ಚಿತ್ರದಲ್ಲಿ ಇದ್ದ ಹಾಗಿಲ್ಲ’ ಎಂದು ದೂರು ಕೊಟ್ಟರು. ತಾಣದ ನಿಯಮದಂತೆ ಹಣ ಅವರಿಗೆ ವಾಪಸಾಯಿತು. ನನಗೆ ಪೊಟ್ಟಣ ಬಂತು.

ತಕ್ಕಡಿಗೆ ಹಾಕಿದೆ. ನಾನು ಕಳುಹಿಸಿದ ನಾಣ್ಯ 8.9 ಗ್ರಾಂ ಇತ್ತು, ಇದು 7.4. ಭೂತಗನ್ನಡಿಯಲ್ಲಿ ನೋಡಿದರೆ ಮೈತುಂಬಾ ಸೂಜಿಮೊನೆಯಷ್ಟು ತೂತುಗಳು. ಕಾಯಿಸಿದ ಲೋಹವನ್ನು ಅಚ್ಚಿಗೆ ಸುರಿದಾಗ ಗಾಳಿಗುಳ್ಳೆ ಬಿಟ್ಟುಹೋಗುವ ಗುರುತು ಅದು. ಅಂಚಿನ ಸುತ್ತ ಎರಡು ಅಚ್ಚುಗಳು ಕೂಡಿದ ಗೆರೆ. ಟಂಕಸಾಲೆಯಲ್ಲಿ ಒತ್ತಿದ ನಾಣ್ಯಕ್ಕೆ ಇಂಥ ಗೆರೆ ಇರುವುದಿಲ್ಲ. ಇಷ್ಟೆಲ್ಲ ಬರೆದು ಕಳಿಸಿದರೂ ತಾಣದವರು ಕೇಳಿದ್ದು ಒಂದೇ: ನೀವು ಕಳಿಸಿದ್ದು ಅಸಲಿಯೇ ಎಂಬುದಕ್ಕೆ ಪುರಾವೆ ಏನು? ಪುಸ್ತಕದಲ್ಲಿ ತೂಕ ಬರೆದಿಟ್ಟಿದ್ದೆ. ಪ್ಯಾಕ್ ಮಾಡಿದ್ದರ ವಿಡಿಯೋ ಇರಲಿಲ್ಲ. ಅಲ್ಲಿಗೆ ಮುಗಿಯಿತು.

ಇದು ನನ್ನೊಬ್ಬನ ದುಃಖವಾಗಿದ್ದರೆ ಬಾನುಲಿಗೆ ತರುತ್ತಿರಲಿಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ನಾಣ್ಯ, ಹಳೆಯ ಅಂಚೆಚೀಟಿಯ ಆಲ್ಬಮ್ಮು, ಬೆಂಕಿಪೊಟ್ಟಣದ ಚೀಟಿಗಳ ಕಟ್ಟು, ಇವನ್ನೆಲ್ಲ ಈಗ ಮನೆಯಲ್ಲೇ ಕೂತು ಫೋನಿನಿಂದ ಮಾರುವವರು ಎಷ್ಟೋ ಜನ. ಹಿಂದೆ ನಾಣ್ಯ ಪ್ರದರ್ಶನಗಳಲ್ಲಿ ಮೇಜಿನ ಆಚೆ ಈಚೆ ಕೂತು ವ್ಯವಹಾರ ನಡೆಯುತ್ತಿತ್ತು. ಮುಖ ಹೊಸದಾದರೂ ಅವರನ್ನು ಬಲ್ಲವರೊಬ್ಬರು ಪಕ್ಕದಲ್ಲೇ ಇರುತ್ತಿದ್ದರು. ದೂರದ ಅಪರಿಚಿತರಿಗಾಗಿಯೇ ಅಂಚೆ ಇಲಾಖೆ 1877ರಲ್ಲಿ ವಿ.ಪಿ.ಪಿ. ಶುರುಮಾಡಿತ್ತು. ಅಂಚೆಯಣ್ಣ ಬಾಗಿಲಲ್ಲಿ ನಿಂತು ಹಣ ಎಣಿಸಿಕೊಂಡ ಮೇಲೆ ಪೊಟ್ಟಣ ಕೈಗೆ ಕೊಡುತ್ತಿದ್ದ. ಮಾರಿದವನಿಗೂ ಕೊಂಡವನಿಗೂ ನಡುವೆ ಇಬ್ಬರೂ ನಂಬುವ ಒಬ್ಬ ಮನುಷ್ಯನಿದ್ದ. ಇವತ್ತಿನ ಎಷ್ಟೋ ವ್ಯವಹಾರಗಳಲ್ಲಿ ಆ ಮನುಷ್ಯ ಇಲ್ಲ.

ಅವನಿಲ್ಲದ ಜಾಗದಲ್ಲಿ ಏನೇನು ನಡೆಯುತ್ತದೆ? ಹಣ ಹಾಕಿದ್ದೇನೆ ಎಂದು ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಬ್ಯಾಂಕಿನದೇ ಎನಿಸುವ ಎಸ್ಸೆಮ್ಮೆಸ್ಸೂ ಬರುತ್ತದೆ. ಎರಡನ್ನೂ ನಂಬಬೇಡಿ, ನಿಮ್ಮ ಬ್ಯಾಂಕ್ ಖಾತೆಯನ್ನೇ ತೆರೆದು ನೋಡಿ. ‘ಸೇನೆಯಲ್ಲಿದ್ದೇನೆ’ ಎಂದು ಗುರುತಿನ ಚೀಟಿಯ ಚಿತ್ರ ತೋರಿಸಿ, ‘ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ’ ಎನ್ನುವವರಿದ್ದಾರೆ. ಯುಪಿಐನಲ್ಲಿ ಹಣ ಪಡೆಯುವುದಕ್ಕೆ ಪಿನ್ ಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಈ ಒಂದು ಮಾತನ್ನು ಮನೆಯ ಹಿರಿಯರಿಗೆ ಇವತ್ತು ರಾತ್ರಿ ಊಟದ ಹೊತ್ತಿಗೇ ಹೇಳಿ.

ಇನ್ನೊಂದು ಅಪಾಯ ಇದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಹಣ ನಿಜವಾಗಿಯೇ ಬಂದಿರುತ್ತದೆ. ಆದರೆ ಕೊಂಡವರ ಹೆಸರೊಂದು, ಹಣ ಬಂದ ಖಾತೆಯ ಹೆಸರು ಇನ್ನೊಂದು. ‘ಭಾವನ ಅಕೌಂಟಿನಿಂದ ಹಾಕಿದೆ’ ಎಂದು ಸಬೂಬು. ನೀವು ನಾಣ್ಯ ಕಳಿಸುತ್ತೀರಿ. ಕೆಲವು ದಿನಗಳಾದ ಮೇಲೆ ನಿಮ್ಮ ಖಾತೆಯೇ ತಡೆಹಿಡಿಯಲ್ಪಟ್ಟಿರುತ್ತದೆ. ಆ ಹಣ ಬೇರಾರೋ ಬಡಪಾಯಿಯಿಂದ ಮೋಸದಲ್ಲಿ ಕಿತ್ತದ್ದು, ಅವರು ಯಾವುದೋ ರಾಜ್ಯದಲ್ಲಿ ದೂರು ಕೊಟ್ಟಿದ್ದಾರೆ, ಹಣದ ಜಾಡು ನಿಮ್ಮ ಖಾತೆಗೆ ಬಂದು ನಿಂತಿದೆ. ಪಿಂಚಣಿ ಬರುವ ಖಾತೆ ಅದಾಗಿದ್ದರೆ ಔಷಧಿಗೂ ಕೈಕಟ್ಟಿದ ಹಾಗೆ. ಆದ್ದರಿಂದ ಹೆಸರು ತಾಳೆಯಾಗದ ಹಣವನ್ನು ಒಪ್ಪಿಕೊಳ್ಳಲೇಬೇಡಿ. ಇಂಥ ಮಾರಾಟಕ್ಕೆ ಬೇರೆಯೇ ಒಂದು ಸಣ್ಣ ಉಳಿತಾಯ ಖಾತೆ ಇಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಶಿಕ್ಷಕಿ ಇದ್ದಾರೆ. ಅವರ ಬಳಿ, ಅದೃಷ್ಟದ ಸಂಖ್ಯೆ ಎಂದು ಕೆಲವರು ನಂಬುವ 786 ಕೊನೆಗೆ ಇರುವ ಹಳೆಯ ಹತ್ತು ರೂಪಾಯಿ ನೋಟು ಇತ್ತು. ‘ಲಕ್ಷ ರೂಪಾಯಿಗೆ ಕೊಳ್ಳುತ್ತೇವೆ’ ಎಂದು ಫೋನ್ ಬಂತು. ಮೊದಲು ನೋಂದಣಿಗೆಂದು ಹಣ ಕೇಳಿದರು, ಆಮೇಲೆ ಜಿಎಸ್‌ಟಿ, ಆಮೇಲೆ ರಿಸರ್ವ್ ಬ್ಯಾಂಕಿನ ಕಮಿಷನ್. ‘ರಿಸರ್ವ್ ಬ್ಯಾಂಕ್ ಅಂದಮೇಲೆ ಮೋಸ ಇರುತ್ತದೆಯೇ ಸಾರ್’ ಎಂದು ನನ್ನನ್ನು ಕೇಳಿದಾಗ ಅವರ ಕಣ್ಣು ತುಂಬಿತ್ತು. ಹಳೆಯ ನೋಟು, ನಾಣ್ಯಗಳ ವ್ಯಾಪಾರದಲ್ಲಿ ತಾನಿಲ್ಲ, ಯಾವ ಕಮಿಷನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿತ್ತು. ಅದು ಅವರ ಕಿವಿಗೆ ಬಿದ್ದಿರಲಿಲ್ಲ. ಮಾರುವವರಿಂದಲೇ ಮುಂಗಡ ಕೇಳುವ ಗಿರಾಕಿ ಗಿರಾಕಿಯೇ ಅಲ್ಲ.

ವಿದೇಶದಿಂದ ಕೇಳುವವರ ವಿಷಯವನ್ನೂ ಹೇಳಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಅದರ ವ್ಯಾಪಾರವನ್ನೇ ಕಸುಬಾಗಿ ಮಾಡುವವರಿಗೆ ಲೈಸೆನ್ಸ್ ಬೇಕು. ದುಬೈನಿಂದಲೋ ಲಂಡನ್‌ನಿಂದಲೋ ಯಾರೋ ವಿಕ್ಟೋರಿಯಾ ರಾಣಿಯ 1862ರ ರೂಪಾಯಿಗೆ ಎರಡರಷ್ಟು ಕೊಡುತ್ತೇನೆಂದರೆ ಆಸೆಪಡಬೇಡಿ. ಸಿಕ್ಕಿಬೀಳುವುದು ಕೊಂಡವರಲ್ಲ, ಕಳಿಸಿದ ನೀವು.

ಮೋಸ ಆಗಿಯೇ ಹೋದರೆ ನಾಚಿಕೆಯಿಂದ ಸುಮ್ಮನಿರಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಜಾರುತ್ತಾ ಹೋಗುತ್ತದೆ, ಬೇಗ ತಿಳಿಸಿದಷ್ಟೂ ಅದು ನಡುವೆ ಎಲ್ಲಾದರೂ ಸಿಗುವ ಸಾಧ್ಯತೆ ಹೆಚ್ಚು. ನನ್ನ ನೆರೆಯ ಶಿಕ್ಷಕಿ ಹನ್ನೊಂದು ದಿನ ಯಾರಿಗೂ ಹೇಳಿರಲಿಲ್ಲ.

ಹಾಗಾದರೆ ಹೊಸಬರಿಗೆ ಮಾರುವುದೇ ಬೇಡವೇ? ಹಾಗೆ ಹೇಳಲಾರೆ. ಗುರುತಿಲ್ಲದ ಹೊಸಬರಾಗಿಯೇ ಎಲ್ಲರೂ ಈ ಹವ್ಯಾಸಕ್ಕೆ ಬರುತ್ತಾರೆ. ಹದಿಹರೆಯದಲ್ಲಿ ನನಗೆ ಮೊದಲ ನಾಣ್ಯ ಕೊಟ್ಟ ಹಿರಿಯರು ನನ್ನ ಗುರುತನ್ನು ಯಾರಲ್ಲೂ ಕೇಳಿರಲಿಲ್ಲ. ಕಳೆದ ವರ್ಷ ಬೀದರಿನ ಒಬ್ಬ ವಿದ್ಯಾರ್ಥಿ ಒಂದು ಬೆಳ್ಳಿ ರೂಪಾಯಿ ಕೇಳಿದ. ಅವನ ಖಾತೆಯೂ ಹೊಸದು. ‘ಮೊದಲು ಒಂದು ಕಾಲಾಣೆ ತೆಗೆದುಕೊಳ್ಳಪ್ಪ, ನೂರೈವತ್ತು ರೂಪಾಯಿ. ಒಬ್ಬರನ್ನೊಬ್ಬರು ಅರಿತುಕೊಳ್ಳೋಣ’ ಎಂದೆ. ಅವನು ಬೇಸರಪಡಲಿಲ್ಲ. ತೂಕ ಕೇಳಿದ, ಅಂಚಿನ ಚಿತ್ರ ಕೇಳಿದ, ಹತ್ತು ರೂಪಾಯಿ ಬಿಡಿ ಎಂದು ಚೌಕಾಸಿಯನ್ನೂ ಮಾಡಿದ. ಹಣ ಅವನದೇ ಹೆಸರಿನಿಂದ ಬಂತು. ಅಂದಿನ ಪತ್ರಿಕೆಯನ್ನು ಪಕ್ಕದಲ್ಲಿಟ್ಟು ನಾಣ್ಯವನ್ನು ತಕ್ಕಡಿಗೆ ಹಾಕಿ, ಪೊಟ್ಟಣ ಕಟ್ಟಿ ವಿಳಾಸ ಅಂಟಿಸುವವರೆಗೂ ಎಲ್ಲಿಯೂ ನಿಲ್ಲಿಸದೆ ವಿಡಿಯೋ ತೆಗೆದು, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೆ.

ನಾಲ್ಕನೆಯ ದಿನ ಅವನಿಂದ ಒಂದು ಚಿತ್ರ ಬಂತು. ಬಿಳಿಯ ಕರವಸ್ತ್ರದ ಮೇಲೆ ಆ ಕಾಲಾಣೆ, ಪಕ್ಕದಲ್ಲಿ ಶಾಲೆಯ ಅಳತೆಪಟ್ಟಿ, ಕೆಳಗೆ ಒಂದೇ ಸಾಲು: ‘ಸಾರ್, ಇದನ್ನು ತೊಳೆಯಬಾರದು ಅಲ್ಲವೇ?’ ಬೆಳ್ಳಿ ರೂಪಾಯಿಯನ್ನು ಅವನಿಗಾಗಿ ಎತ್ತಿಟ್ಟೆ.

ನಮಸ್ಕಾರ.